ಲೆಕ್ಕ ಬರುತ್ತೆ, ವ್ಯವಹಾರ ಬರಲ್ಲ

ಹಿರಿಯರು ಕೆಲವರ ಬಗ್ಗೆ ಆಡುತ್ತಿದ್ದ ಮಾತೊಂದಿದೆ: "ಅವನಿಗೆ ಲೆಕ್ಕ ಬರುತ್ತೆ, ವ್ಯವಹಾರ ಬರಲ್ಲ." ಚಿಕ್ಕಂದಿನಲ್ಲಿ ಅದನ್ನು ಬೈಗುಳ ಎಂದುಕೊಂಡಿದ್ದೆ. ಕಳೆದ ತಿಂಗಳು ಬರ್ಮಿಂಗ್‌ಹ್ಯಾಮ್‌ನಿಂದ ಗೆಳತಿ ವಾಟ್ಸಾಪ್‌ನಲ್ಲಿ ಕಳಿಸಿದ ಒಂದು ಪತ್ರವನ್ನು ಓದುವಾಗ ಮತ್ತೆ ನೆನಪಾಯಿತು.

ಅವಳು ಮೈಸೂರಿನ ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್. ಮಗನಿಗೆ ಈಗ 22, ಗಣಿತದ ಪದವೀಧರ, ಆಟಿಸಂ ಇದೆ. ಬ್ರಿಟನ್ನಿನಲ್ಲಿ ಅಂಗವೈಕಲ್ಯ ಇರುವವರಿಗೆ 'ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್' ಎಂಬ ಭತ್ಯೆ ಇದೆ. ಅಡುಗೆ, ಸ್ನಾನ, ಜನರೊಡನೆ ಬೆರೆಯುವುದು ಹೀಗೆ ಒಂದೊಂದು ಕೆಲಸಕ್ಕೂ ಅಂಕ ಹಾಕುತ್ತಾರೆ. ದೈನಂದಿನ ಬದುಕಿನ ಭಾಗದಲ್ಲಿ ಒಟ್ಟು 8 ಬಂದರೆ ಹಣ ಸಿಗುತ್ತದೆ. ಇವನಿಗೆ ಬಂದದ್ದು 6. ಹಣದ ನಿರ್ಧಾರಗಳ ಅಂಕಣದಲ್ಲಿ ಸೊನ್ನೆ. ಇಪ್ಪತ್ತು ಪೌಂಡ್ ಕೊಟ್ಟು ಏಳೂವರೆ ಪೌಂಡಿನ ವಸ್ತು ಕೊಂಡರೆ ಚಿಲ್ಲರೆ ಎಷ್ಟು ಬರಬೇಕು ಎಂದು ಕೇಳಿದ್ದರಂತೆ. ಕೇಳಿ ಮುಗಿಸುವುದರೊಳಗೆ ಉತ್ತರ ಹೇಳಿದ್ದಾನೆ.

ಪುಣೆಯಲ್ಲಿ ಕೂತು ದಿನವಿಡೀ ಕಂಪನಿಗಳ ಲೆಕ್ಕ ತಪಾಸಣೆ ಮಾಡುವವಳು ನಾನು. ಹಾಗಾಗಿ ನಿಯಮವನ್ನು ತೆಗೆದು ಓದಿದೆ. ಅದರಲ್ಲಿ ಎರಡು ಬಗೆಯ ನಿರ್ಧಾರಗಳಿವೆ. ಬೆಲೆ ಕೂಡುವುದು, ಚಿಲ್ಲರೆ ಎಣಿಸುವುದು ಸರಳ. ಮನೆಯ ಬಜೆಟ್ ಹಾಕುವುದು, ಬಿಲ್ಲುಗಳನ್ನು ನಿಭಾಯಿಸಿ ಕಟ್ಟುವುದು, ಮುಂದಿನ ಖರೀದಿಗೆ ಯೋಚಿಸುವುದು ಸಂಕೀರ್ಣ. ಸಂಕೀರ್ಣವಾದದ್ದಕ್ಕೆ ಯಾರಾದರೂ ನೆನಪಿಸಬೇಕು, ವಿವರಿಸಬೇಕು ಎಂದಾದರೂ 2 ಅಂಕ. ಅಷ್ಟೇ ಅಲ್ಲ, ಕೆಲಸವನ್ನು ಸುರಕ್ಷಿತವಾಗಿ, ತಕ್ಕಮಟ್ಟಿಗೆ ಸರಿಯಾಗಿ, ಮತ್ತೆ ಮತ್ತೆ, ಸಾಕಷ್ಟು ಸಮಯದೊಳಗೆ ಮಾಡಲು ಆಗಬೇಕು. ಒಮ್ಮೆ ಮಾಡಿ ತೋರಿಸಿದರೆ ಸಾಲದು. ಅಂದರೆ ನಮ್ಮ ಹಿರಿಯರ ಮಾತನ್ನು ಆ ನಿಯಮವೂ ಒಪ್ಪುತ್ತದೆ. ಪರೀಕ್ಷಿಸಿದವರು ಮಾತ್ರ ಲೆಕ್ಕವನ್ನು ಕೇಳಿ ವ್ಯವಹಾರಕ್ಕೆ ಅಂಕ ಹಾಕಿದ್ದರು.

ವ್ಯವಹಾರದ ಕಥೆ ಬೇರೆ. ಕರೆಂಟ್ ಬಿಲ್ಲಿನ ಲಕೋಟೆ ಮೂರು ತಿಂಗಳು ಒಡೆಯದೆ ಬಾಗಿಲ ಹಿಂದೆ ಬಿದ್ದಿತ್ತು. ಹಣವಿತ್ತು, ಮೀಟರ್ ಓದಿದ್ದರಲ್ಲಿ ತಪ್ಪಿದ್ದುದರಿಂದ ಫೋನ್ ಮಾಡಬೇಕಿತ್ತು, ಅದು ಆಗಲಿಲ್ಲ. ದೇಣಿಗೆ ಕೇಳುತ್ತ ಬಾಗಿಲಿಗೆ ಬಂದ ಮೂವರಿಗೂ ತಿಂಗಳು ತಿಂಗಳು ಹಣ ಕಡಿತವಾಗುವ ಹಾಗೆ ಸಹಿ ಹಾಕಿದ್ದಾನೆ. ಯಾಕೋ ಎಂದರೆ, "ಕೇಳಿದ್ರು, ಕೊಟ್ಟೆ."

ನಿರ್ಧಾರ ಮರುಪರಿಶೀಲಿಸಿ ಎಂದು ಕೇಳಲು ಒಂದು ತಿಂಗಳ ಅವಕಾಶ. ಅಲ್ಲೂ ಒಪ್ಪದಿದ್ದರೆ ನ್ಯಾಯಮಂಡಳಿಗೆ ಹೋಗಬಹುದು. ನಾವಿಬ್ಬರೂ ವಿಡಿಯೋ ಕಾಲ್‌ನಲ್ಲಿ ಪತ್ರ ಬರೆಯತೊಡಗಿದೆವು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಅವಳು ಪೆನ್ನು ಕೆಳಗಿಟ್ಟಳು. "ಇಪ್ಪತ್ತೆರಡು ವರ್ಷ ಎಲ್ಲರ ಮುಂದೆ ಇವನಿಗೆ ಏನೇನು ಬರುತ್ತೆ ಅಂತ ಹೇಳ್ಕೊಂಡು ಬಂದೆ ಕಣೇ. ಈಗ ಏನೇನು ಬರಲ್ಲ ಅಂತ ಪಟ್ಟಿ ಮಾಡ್ತಿದೀನಿ."

ಹೆಸರಿನಲ್ಲೇ ಸ್ವಾವಲಂಬನೆ ಇರುವ ಹಣ. ಅದು ಸಿಗಬೇಕಾದರೆ ಪರಾವಲಂಬನೆಯನ್ನು ಸಾಬೀತು ಮಾಡಬೇಕು. ಸಾರ್ವಜನಿಕ ಹಣಕ್ಕೆ ಅಳತೆಗೋಲು ಬೇಡವೇ ಎಂದು ನೀವು ಕೇಳಬಹುದು. ಬೇಕು. ಆಡಿಟರ್ ಆಗಿ ನಾನು ಅದರ ವಿರುದ್ಧ ಮಾತಾಡಲಾರೆ. ನನ್ನನ್ನು ಕಾಡುವುದು ಇನ್ನೊಂದು: ಸ್ವಂತ ಬಲದಿಂದ ವ್ಯವಹಾರ ಮಾಡುವ ಮನುಷ್ಯ ಎಲ್ಲಿದ್ದಾನೆ? ನಮ್ಮಪ್ಪ ಸಂಬಳದ ದಿನ ಕವರನ್ನು ಹಾಗೇ ಅಮ್ಮನ ಕೈಗಿಡುತ್ತಿದ್ದರು. ಹಾಲಿನವನ ಬಾಕಿ, ಚೀಟಿಯ ಕಂತು, ನನ್ನ ಫೀಸು, ಯಾವುದೂ ಅವರಿಗೆ ಗೊತ್ತಿರಲಿಲ್ಲ. ಅವರನ್ನು ಊರು 'ದೇವರಂಥ ಮನುಷ್ಯ' ಎಂದಿತು. ನನ್ನ ಗಂಡನಿಗೆ ಇಂದಿಗೂ ಮನೆ ಬಾಡಿಗೆ ಯಾವ ತಾರೀಖಿಗೆ ಹೋಗುತ್ತದೆಂದು ತಿಳಿಯದು (ಇದನ್ನು ಓದಿದರೆ ಇವತ್ತು ತಿಳಿಯುತ್ತದೆ). ಇವರ ಪಕ್ಕದಲ್ಲಿ ನಿಂತು ನೆನಪಿಸುವವರು ಇದ್ದಾರೆ, ಆ ನೆನಪಿಸುವಿಕೆಗೆ ಸಂಸಾರ ಎಂದು ಹೆಸರು. ಹುಡುಗನ ಪಕ್ಕದಲ್ಲಿ ತಾಯಿ ನಿಂತು ಅದನ್ನೇ ಮಾಡಿದರೆ ಅದಕ್ಕೆ ಕೊರತೆ ಎಂದು ಹೆಸರು.

ನಮ್ಮಲ್ಲಿ ಇಂಥ ಅಂಕಪಟ್ಟಿಯ ಭತ್ಯೆ ಇಲ್ಲ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಅಂಗವಿಕಲರಿಗೂ ತಮ್ಮ ಹಣಕಾಸನ್ನು ತಾವೇ ನಿಯಂತ್ರಿಸುವ ಹಕ್ಕಿದೆ ಎನ್ನುತ್ತದೆ. ಪೋಷಕತ್ವ ಬೇಕಾದ ಕಡೆಯೂ ಅದನ್ನು ಪರಸ್ಪರ ನಂಬಿಕೆಯ ಮೇಲೆ ಇಬ್ಬರೂ ಸೇರಿ ನಿರ್ಧರಿಸುವ ಕ್ರಮವಾಗಿ ನೋಡುತ್ತದೆ. ಬ್ಯಾಂಕಿನ ಕೌಂಟರಿನವರೆಗೆ ಅದು ಎಷ್ಟು ತಲುಪಿದೆ ಎಂಬುದು ಬೇರೆ ಪ್ರಶ್ನೆ. ಆದರೂ 'ಇಬ್ಬರೂ ಸೇರಿ' ಎಂಬ ಮಾತು ನನಗೆ ಹಿಡಿಸಿತು.

ಅಷ್ಟರಲ್ಲಿ ಹುಡುಗ ಹಿಂದಿನಿಂದ ಬಂದು ಪತ್ರವನ್ನು ಪೂರ್ತಿ ಓದಿದ. ನಮ್ಮಿಬ್ಬರಿಗೂ ಉಸಿರು ಕಟ್ಟಿದ ಹಾಗಾಯಿತು. "ಇದರಲ್ಲಿ ತಪ್ಪಿದೆ ಆಂಟಿ," ಎಂದ. 'ನನ್ನ ಮಗನಿಗೆ ಬಿಲ್ ಕಟ್ಟಲು ಬರುವುದಿಲ್ಲ' ಎಂದಿದ್ದ ಸಾಲನ್ನು ಹೊಡೆದು ಹಾಕಿ ಮೇಲೆ ಬರೆದ: 'ಅಮ್ಮ ಲಕೋಟೆ ಒಡೆದು ಪಕ್ಕದಲ್ಲಿ ಕೂತರೆ ನಾನು ಬಿಲ್ ಕಟ್ಟುತ್ತೇನೆ.'

ನಿಯಮದ ಪ್ರಕಾರವೂ ಎರಡು ಅಂಕಕ್ಕೆ ಬೇಕಾದದ್ದು ಇದೇ ಎಂದು ನನಗೆ ಹೊಳೆದದ್ದು ಫೋನ್ ಇಟ್ಟ ಮೇಲೆ. ಪತ್ರ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಬಂದರೆ ಲಕೋಟೆಯನ್ನು ತಾನೇ ಒಡೆಯುತ್ತೇನೆ, ಪಕ್ಕದಲ್ಲಿ ಅಮ್ಮ ಇರಬೇಕು ಎಂದಿದ್ದಾನಂತೆ.