ಯಾರ ಮಿತಿ?



ಹೋದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಭಗವಾನ್ ಬುದ್ಧರು ರಾಹುಲನಿಗೆ ಕೊಟ್ಟ ಉಪದೇಶವನ್ನು ಓದಿದೆವು. ಮಜ್ಝಿಮ ನಿಕಾಯದ ಆ ಸುತ್ತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿದೆ. ಬುದ್ಧರು ಕಾಲು ತೊಳೆದುಕೊಂಡು ಪಾತ್ರೆಯ ತಳದಲ್ಲಿ ಸ್ವಲ್ಪ ನೀರು ಉಳಿಸುತ್ತಾರೆ. ತಿಳಿದೂ ತಿಳಿದೂ ಸುಳ್ಳು ಹೇಳಲು ನಾಚದವರಲ್ಲಿ ಸಮಣತನ ಉಳಿಯುವುದು ಇಷ್ಟೇ ಎಂದು ಅದನ್ನು ತೋರಿಸುತ್ತಾರೆ. ಆಮೇಲೆ ಆ ನೀರನ್ನೂ ಚೆಲ್ಲಿ, ಪಾತ್ರೆಯನ್ನು ಬೋರಲು ಹಾಕಿ ತೋರಿಸುತ್ತಾರೆ.

ಓದು ಮುಗಿದ ಮೇಲೆ ಡಿಪ್ಲೊಮಾ ಓದುತ್ತಿರುವ ಒಬ್ಬ ಹುಡುಗ ಕೇಳಿದ: "ಅಣ್ಣಾ, ಹೇಳಿದ ಅಂಕಿ ಎಲ್ಲಾ ನಿಜಾನೇ ಇದ್ದು, ಕೇಳಿದವರು ಮಾತ್ರ ಮೋಸ ಹೋದ್ರೆ, ಅದು ಮುಸಾವಾದ ಆಗುತ್ತಾ?"

ಅವತ್ತು ನಾನು ಉತ್ತರ ಹೇಳಲಿಲ್ಲ. ಅವನಿಗೆ ಅದು ಸುತ್ತದ ಪ್ರಶ್ನೆ. ನನಗೆ ಸರ್ವಿಸ್ಸಿನ ಪ್ರಶ್ನೆ. ಇಪ್ಪತ್ತು ವರ್ಷ ನಾನು ಕುಡಿಯುವ ನೀರಿನ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡಿದವನು. ಇವತ್ತಿನ ಚಿಂತನೆ ಅವನಿಗೆ ಕೊಡುವ ಉತ್ತರ. ನನ್ನ ತಪ್ಪೊಪ್ಪಿಗೆಯೂ ಹೌದು.

ಮೊದಲು ಅಮೆರಿಕದ ಒಂದು ಊರಿನ ಕತೆ ಹೇಳುತ್ತೇನೆ. ನಮಗೇಕೆ ಅಮೆರಿಕ ಎನ್ನಬೇಡಿ. 1946ರಲ್ಲಿ ಬಾಬಾಸಾಹೇಬರು ಅಲ್ಲಿನ ಕಪ್ಪು ಜನರ ಚಿಂತಕ ಡಬ್ಲ್ಯು.ಇ.ಬಿ. ಡು ಬೋಯಿಸ್ ಅವರಿಗೆ ಪತ್ರ ಬರೆದು, ಅವರ ಜನರ ಪಾಡಿಗೂ ನಮ್ಮ ಜನರ ಪಾಡಿಗೂ ಇರುವ ಹೋಲಿಕೆಯನ್ನು ಹೇಳಿದ್ದರು. ನೀರಿನ ವಿಷಯದಲ್ಲಿ ಆ ಹೋಲಿಕೆ ಇವತ್ತಿಗೂ ಹಳತಾಗಿಲ್ಲ.

ಮಿಷಿಗನ್ ರಾಜ್ಯದ ಫ್ಲಿಂಟ್ ಸುಮಾರು ಒಂದು ಲಕ್ಷ ಜನರ ಊರು. ಅರ್ಧಕ್ಕಿಂತ ಹೆಚ್ಚು ಕಪ್ಪು ಜನ. ನೂರಕ್ಕೆ ನಲವತ್ತರಷ್ಟು ಮಂದಿ ಬಡತನದ ರೇಖೆಯ ಕೆಳಗೆ. ಕಾರಿನ ಕಾರ್ಖಾನೆಗಳು ಮುಚ್ಚಿ ಊರು ಸಾಲಕ್ಕೆ ಬಿದ್ದಿತ್ತು. ರಾಜ್ಯ ಸರ್ಕಾರ ನೇಮಿಸಿದ ಅಧಿಕಾರಿಯ ಕೈಗೆ ಆಡಳಿತ ಹೋಗಿತ್ತು. ಜನ ಆರಿಸಿ ಕಳಿಸಿದವರ ಮಾತಿಗೆ ಬೆಲೆ ಇರಲಿಲ್ಲ. 2014ರ ಏಪ್ರಿಲ್ 25ರಂದು, ಖರ್ಚು ಉಳಿಸಲು, ಡೆಟ್ರಾಯಿಟ್‌ನಿಂದ ಬರುತ್ತಿದ್ದ ಹ್ಯೂರಾನ್ ಸರೋವರದ ನೀರು ನಿಲ್ಲಿಸಿ ಫ್ಲಿಂಟ್ ನದಿಯ ನೀರನ್ನು ನಲ್ಲಿಗೆ ಬಿಟ್ಟರು.

ನದಿಯ ನೀರಿನಲ್ಲಿ ಕ್ಲೋರೈಡ್ ಹೆಚ್ಚು. ಅದು ಪೈಪುಗಳನ್ನು ತಿನ್ನುವ ನೀರು. ಆ ಊರಿನ ಎಷ್ಟೋ ಹಳೆಯ ಪೈಪುಗಳು ಸೀಸದವು. ಪೈಪಿನ ಒಳಗೋಡೆಯಲ್ಲಿ ಒಂದು ಪದರ ಕಟ್ಟಿಕೊಂಡು ಸೀಸ ನೀರಿಗೆ ಸೇರದಂತೆ ತಡೆಯುತ್ತದೆ. ಆ ಪದರ ಉಳಿಯಲು ನೀರಿಗೆ ಫಾಸ್ಫೇಟ್‌ನಂಥ ರಾಸಾಯನಿಕ ಹಾಕಬೇಕು. ಫ್ಲಿಂಟ್‌ನಲ್ಲಿ ಹಾಕಲಿಲ್ಲ. ಪದರ ಕಳಚಿತು, ಸೀಸ ನೀರಿಗೆ ಬಂತು. ಕಂದು ಬಣ್ಣದ ನೀರನ್ನು ಬಾಟಲಿಯಲ್ಲಿ ಹಿಡಿದುಕೊಂಡು ತಾಯಂದಿರು ಸಭೆಗಳಿಗೆ ಬಂದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜನರಲ್ ಮೋಟಾರ್ಸ್ ಕಂಪನಿ, ಈ ನೀರಿನಿಂದ ಎಂಜಿನ್ ಭಾಗಗಳು ತುಕ್ಕು ಹಿಡಿಯುತ್ತಿವೆ ಎಂದು ತನ್ನ ಕಾರ್ಖಾನೆಗೆ ಬೇರೆ ನೀರು ಮಾಡಿಕೊಂಡಿತು. ಕಬ್ಬಿಣಕ್ಕೆ ಆಗದ ನೀರನ್ನು ಮಕ್ಕಳು ಇನ್ನೂ ಒಂದು ವರ್ಷ ಕುಡಿದರು.

ಜನರಿಗೆ ಸಿಕ್ಕಿದ ಉತ್ತರ ಒಂದೇ: ನೀರು ಫೆಡರಲ್ ಮಿತಿಯೊಳಗಿದೆ.

ಬಂಧುಗಳೇ, ಆ ಮಿತಿ ಎಂದರೇನು ಎಂದು ಸ್ವಲ್ಪ ನೋಡೋಣ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1991ರಲ್ಲಿ ಸೀಸಕ್ಕೆ ಎರಡು ಅಂಕಿ ಇಟ್ಟಿತು. ಒಂದು ಗುರಿ: ಸೊನ್ನೆ. ಏಕೆಂದರೆ ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ. ಅದು ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ. ಇನ್ನೊಂದು, ಕ್ರಮ ಕೈಗೊಳ್ಳಬೇಕಾದ ಮಟ್ಟ: ಲೀಟರಿಗೆ 15 ಮೈಕ್ರೋಗ್ರಾಂ. ಈ 15 ಎಂಬುದು ಮಗುವಿನ ಮೈ ನೋಡಿ ಇಟ್ಟ ಅಂಕಿಯಲ್ಲ, ನೀರು ಪೂರೈಸುವವರ ಕೈಲಿ ಎಷ್ಟು ಆದೀತು ಎಂದು ನೋಡಿ ಇಟ್ಟದ್ದು. ಲೆಕ್ಕದ ರೀತಿ ಹೀಗೆ: ನೂರು ಮನೆಯ ನೀರು ಪರೀಕ್ಷಿಸಿ, ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದರೆ, ತೊಂಬತ್ತನೆಯ ಮನೆಯ ಅಂಕಿ 15 ಮೀರಬಾರದು. ಉಳಿದ ಹತ್ತು ಮನೆಯಲ್ಲಿ ಎಷ್ಟಿದ್ದರೂ ಊರು ಮಿತಿಯೊಳಗೇ ಇರುತ್ತದೆ.

ಫ್ಲಿಂಟ್‌ನಲ್ಲಿ 2015ರ ಮೊದಲ ಆರು ತಿಂಗಳಲ್ಲಿ 71 ಮಾದರಿ ಪರೀಕ್ಷೆಯಾದವು. ಅವುಗಳಲ್ಲಿ ಎರಡನ್ನು ರಾಜ್ಯದ ಅಧಿಕಾರಿಗಳು ಕೈಬಿಟ್ಟರು. ಕೈಬಿಡಲು ನಿಯಮದ ಪುಸ್ತಕದಿಂದಲೇ ಕಾರಣ ಕೊಟ್ಟರು. ಅವೆರಡೂ ಸೇರಿದ್ದರೆ ಊರು 15 ದಾಟುತ್ತಿತ್ತು. ಬಿಟ್ಟ ಮೇಲೆ 11 ಆಯಿತು. ಬಿಟ್ಟುಹೋದ ಒಂದು ಮಾದರಿ 104 ಬಂದ ಮನೆಯದು. ಆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ಸೀಸದ ಬಗ್ಗೆ ಚಿಂತೆ ಬೇಡ ಎಂದು ಅಧಿಕಾರಿಯೊಬ್ಬರು ರೇಡಿಯೊದಲ್ಲಿ ಹೇಳಿದರು.

ಆಮೇಲೆ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಊರಿನ ಜನರ ಜೊತೆ ಸೇರಿ ಮನೆಮನೆಯ ನೀರು ಪರೀಕ್ಷಿಸಿದರು. ಮಕ್ಕಳ ವೈದ್ಯೆ ಡಾ. ಮೋನಾ ಹನ್ನಾ ಅಟೀಶಾ 2015ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ರಕ್ತದ ಅಂಕಿಗಳನ್ನು ಮುಂದಿಟ್ಟರು. ನೀರು ಬದಲಾದ ಮೇಲೆ, ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತದ ಸೀಸ ಹೆಚ್ಚಾಗಿದ್ದವರು ನೂರಕ್ಕೆ 2.4 ಇದ್ದದ್ದು 4.9 ಆಗಿತ್ತು. ಸರ್ಕಾರದವರು ಮೊದಲು ಅವರನ್ನೇ ತಪ್ಪು ಎಂದರು, ನಂತರ ಒಪ್ಪಿದರು. ಅಕ್ಟೋಬರ್ 16ರಂದು ಹಳೆಯ ನೀರು ಮರಳಿ ಬಂತು. ಅಷ್ಟರಲ್ಲಿ ಆ ಪ್ರದೇಶದಲ್ಲಿ ಲೀಜನೇರ್ ಎಂಬ ಶ್ವಾಸಕೋಶದ ಕಾಯಿಲೆಯಿಂದ 12 ಜನ ಸತ್ತಿದ್ದರು. 2017ರಲ್ಲಿ ಮಿಷಿಗನ್‌ನ ನಾಗರಿಕ ಹಕ್ಕುಗಳ ಆಯೋಗ, ಈ ಅನಾಹುತದ ಬೇರು ವ್ಯವಸ್ಥೆಯೊಳಗೇ ಕೂತಿರುವ ಜನಾಂಗ ತಾರತಮ್ಯದಲ್ಲಿದೆ ಎಂದು ವರದಿ ಕೊಟ್ಟಿತು.

ಈಗ ನನ್ನ ಕತೆ.

ನಮ್ಮ ದೇಶದ ಕುಡಿಯುವ ನೀರಿನ ಮಾನಕದಲ್ಲೂ ಎರಡು ಕಾಲಂ ಇವೆ. ಫ್ಲೋರೈಡ್‌ಗೆ ಮೊದಲ ಕಾಲಂನಲ್ಲಿ ಲೀಟರಿಗೆ 1 ಮಿಲಿಗ್ರಾಂ. ಎರಡನೆಯದರಲ್ಲಿ 1.5. ಎರಡನೆಯ ಕಾಲಂನ ತಲೆಬರಹವನ್ನು ಗಮನವಿಟ್ಟು ಓದಿ: ಬೇರೆ ನೀರಿನ ಮೂಲ ಇಲ್ಲದಿದ್ದಾಗ ಒಪ್ಪಬಹುದಾದ ಮಿತಿ.

ನಮ್ಮ ಜನರೇ ಇರುವ ಒಂದು ಕಾಲೊನಿಯಿಂದ ಒಬ್ಬ ತಾಯಿ ಬೋರ್‌ವೆಲ್ ನೀರನ್ನು ಕ್ಯಾನಿನಲ್ಲಿ ತಂದಿದ್ದಳು. ಮಗಳ ಹಲ್ಲಿನ ಮೇಲೆ ಕಂದು ಕಲೆ ಬಂದಿತ್ತು. ಪರೀಕ್ಷೆಯಲ್ಲಿ 1.4 ಬಂತು. ನಾನು ಎರಡನೆಯ ಕಾಲಂ ನೋಡಿ "ಮಿತಿಯೊಳಗಿದೆ" ಎಂದು ಬರೆದು ಸಹಿ ಹಾಕಿದೆ. ರಸ್ತೆಯ ಆ ಬದಿಯ ಬಡಾವಣೆಗೆ ನದಿ ನೀರಿನ ಪೈಪು ಬಂದು ಎರಡು ವರ್ಷವಾಗಿತ್ತು. ಅದು ನನಗೆ ಗೊತ್ತಿತ್ತು. ಬೇರೆ ಮೂಲ ಇತ್ತು, ರಸ್ತೆ ದಾಟಿರಲಿಲ್ಲ ಅಷ್ಟೇ.

ಕಾಗದ ಕೈಗೆ ಕೊಟ್ಟಾಗ ಅವಳು ಕೇಳಿದಳು: "ಯಾರ್ ಮಿತಿ ಸಾರ್ ಇದು? ನೀರಿಂದಾ, ನಮ್ದಾ?"

"ಸರ್ಕಾರದ್ದಮ್ಮ" ಎಂದೆ. ಅವಳು ಕಾಗದ ಮಡಚಿ ಸೆರಗಿಗೆ ಕಟ್ಟಿಕೊಂಡು ಹೋದಳು. ಆ ಕಾಗದ ಆಮೇಲೆ ಏನು ಕೆಲಸ ಮಾಡಿತು ಎಂದು ನನಗೆ ಗೊತ್ತು. ಕಾಲೊನಿಯವರು ನದಿ ನೀರು ಕೇಳಲು ಹೋದಾಗಲೆಲ್ಲ ಅದನ್ನೇ ತೋರಿಸಿ ಕಳಿಸಿದರು: ಇರುವ ನೀರು ಮಿತಿಯೊಳಗಿದೆಯಲ್ಲ. ನನ್ನ ಸಹಿ ಇದ್ದ ನಿಜವಾದ ಅಂಕಿ ಅವರ ಬಾಯಿ ಮುಚ್ಚಿಸಿತು.

ನನ್ನ ತಾತ ನೀರುಗಂಟಿ. ಕೆರೆಯ ತೂಬು ಎತ್ತಿ, ಊರಿನ ಗದ್ದೆಗಳಿಗೆಲ್ಲ ಅಳತೆ ತಪ್ಪದೆ ನೀರು ಹಂಚುವ ಕೆಲಸ ಅವನದು. ಕುಡಿಯುವ ನೀರಿಗೆ ಮಾತ್ರ ಊರ ಬಾವಿಯಿಂದ ದೂರ ನಿಂತು, ಯಾರಾದರೂ ಸೇದಿ ಹೊಯ್ಯಲಿ ಎಂದು ಕಾಯಬೇಕಿತ್ತು. ಅವನ ಮೊಮ್ಮಗ ಲ್ಯಾಬ್ ಕೋಟು ಹಾಕಿ ನೀರು ಅಳೆಯುವವನಾದೆ. ಆದರೆ ಅವತ್ತು ನಾನು ಬಾವಿಯ ಆ ಕಡೆ ನಿಂತಿದ್ದೆ.

ಮಹಾಡ್ ನೆನಪಿಸಿಕೊಳ್ಳಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣರು ಕೆರೆ ಮೈಲಿಗೆಯಾಯಿತೆಂದು 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ ಅದಕ್ಕೇ ಸುರಿದು ಶುದ್ಧಿ ಮಾಡಿದರು. ನಮ್ಮ ಕೈ ತಾಗುವುದಕ್ಕೆ ಅವರು ಇಟ್ಟಿದ್ದ ಮಿತಿ ಸೊನ್ನೆ. ತೊಂಬತ್ತನೆಯ ಮನೆ ಎಂಬ ಲೆಕ್ಕ ಅಲ್ಲಿರಲಿಲ್ಲ. ಬೇರೆ ಮೂಲ ಇಲ್ಲದಿದ್ದಾಗ ಎಂಬ ಎರಡನೆಯ ಕಾಲಂ ಕೂಡ ಇರಲಿಲ್ಲ. ಇಲ್ಲದ ಕೊಳೆಗೆ ಸೊನ್ನೆಯ ಮಿತಿ ಇಟ್ಟು ಸಾವಿರಾರು ವರ್ಷ ಪಾಲಿಸಿದ ಸಮಾಜ, ಇರುವ ವಿಷ ನಮ್ಮ ಪಾಲಿಗೆ ಬಂದಾಗ ಮಾತ್ರ ಸ್ವಲ್ಪ ಸಹಿಸಿಕೊಳ್ಳಿ ಎನ್ನುತ್ತದೆ. ಆ ಮಾತನ್ನು ಅವತ್ತು ನನ್ನ ಪೆನ್ನು ಬರೆಯಿತು.

ನಮ್ಮ ಬಳಗದ ನಿವೃತ್ತ ಮೇಷ್ಟ್ರು ಇದನ್ನು ಕೇಳಿ ಒಂದು ಮಾತು ಹೇಳಿದರು: "ಮಿತಿಯೇ ಬೇಡ ಅನ್ನಬೇಡಪ್ಪಾ. ಅಂಕಿ ಇಲ್ಲದಿದ್ರೆ ಬಡವನ ಮಾತಿಗೆ ಸಾಕ್ಷಿ ಎಲ್ಲಿದೆ?" ಅವರು ಹೇಳಿದ್ದು ಸರಿ. ಫ್ಲಿಂಟ್‌ನ ತಾಯಂದಿರು ಗೆದ್ದದ್ದೂ ಅಂಕಿಯಿಂದಲೇ. 2024ರ ಅಕ್ಟೋಬರ್‌ನಲ್ಲಿ ಅಮೆರಿಕ ಹೊಸ ನಿಯಮ ಪ್ರಕಟಿಸಿ 15ನ್ನು 10ಕ್ಕೆ ಇಳಿಸಿತು. ಸೀಸದ ಪೈಪುಗಳನ್ನು ಹತ್ತು ವರ್ಷದಲ್ಲಿ ಕಿತ್ತುಹಾಕಬೇಕೆಂದೂ ಹೇಳಿತು. ಎಲ್ಲ ವಿಷವನ್ನೂ ನಾಳೆಗೇ ಸೊನ್ನೆ ಮಾಡಲು ಯಾರ ಕೈಲೂ ಆಗದು. ಆದ್ದರಿಂದ ಮಿತಿ ಎಂಬುದು ಒಂದು ರಾಜಿ. ರಾಜಿ ಮಾಡಿಕೊಳ್ಳುವುದು ಪಾಪವಲ್ಲ. ರಾಜಿಯನ್ನು ಸುರಕ್ಷಿತ ಎಂದು ಕರೆದು, ಆ ರಾಜಿಗೆ ಯಾರನ್ನು ಕೇಳಿದಿರಿ ಎನ್ನುವವರ ಬಾಯಿ ಮುಚ್ಚಿಸುವುದು ಪಾಪ.

ಹುಡುಗನ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಅಭಯರಾಜಕುಮಾರ ಸುತ್ತದಲ್ಲಿ. ರಾಜಕುಮಾರನ ತೊಡೆಯ ಮೇಲೆ ಒಂದು ಎಳೆಯ ಮಗು ಮಲಗಿರುತ್ತದೆ. ಈ ಮಗು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀ ಎಂದು ಬುದ್ಧರು ಕೇಳುತ್ತಾರೆ. ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ, ಮಗುವಿನ ಮೇಲೆ ಕರುಣೆ ಇದೆಯಲ್ಲ ಎನ್ನುತ್ತಾನೆ ಅವನು. ಬುದ್ಧರು ತಮ್ಮ ಮಾತಿನ ರೀತಿಯೂ ಅದೇ ಎಂದು ತಿಳಿಸುತ್ತಾರೆ. ಮಾತು ನಿಜವಾಗಿರಬೇಕು, ಕೇಳುವವರಿಗೆ ಒಳಿತಾಗಬೇಕು. ಕಿವಿಗೆ ಕಹಿಯಾದರೂ ಸಮಯ ನೋಡಿ ಹೇಳಬೇಕು. ನಿಜವಾದರೂ ಒಳಿತು ಮಾಡದ ಮಾತನ್ನು ಅವರು ಆಡುವುದಿಲ್ಲ.

ನನ್ನ "ಮಿತಿಯೊಳಗಿದೆ" ಎಂಬ ಮಾತನ್ನು ಈ ಒರೆಗೆ ಹಚ್ಚಿದೆ. ನಿಜವೇ? ಹೌದು. ಯಾರಿಗೆ ಒಳಿತು? ಆಫೀಸಿಗೆ, ಮೇಲಿನವರಿಗೆ, ನನ್ನ ನೆಮ್ಮದಿಗೆ. ಬಾಯಿಗೆ ಕಲ್ಲು ಹಾಕಿಕೊಂಡಿದ್ದ ಮಗುವಿಗೆ ಅಲ್ಲ. ಅವಳು ಆ ಮಾತನ್ನು "ಸುರಕ್ಷಿತ" ಎಂದು ತಿಳಿಯುತ್ತಾಳೆ ಎಂದು ನನಗೆ ಗೊತ್ತಿತ್ತು. ಹಾಗೆ ತಿಳಿಯಲಿ ಎಂದೇ ಸುಮ್ಮನಿದ್ದೆ.

ಹಾಗಾಗಿ ತಮ್ಮಾ, ನನ್ನ ಉತ್ತರ ಇದು: ಹೌದು, ಅದು ಮುಸಾವಾದವೇ. ಶೀಲ ಮುರಿಯಲು ತಪ್ಪು ಅಂಕಿಯೇ ಬೇಕೆಂದಿಲ್ಲ. ಕೇಳುವವರು ಮೋಸ ಹೋಗಲಿ ಎಂಬ ಮನಸ್ಸು ಸಾಕು. ಅವತ್ತು ನಾನು ಬರೆಯಬೇಕಿದ್ದದ್ದು ಇಷ್ಟೇ: "1.4 ಇದೆ. ಒಳ್ಳೆಯ ನೀರಿಗೆ 1ರೊಳಗೆ ಇರಬೇಕು. ಬೇರೆ ಮೂಲ ರಸ್ತೆಯಾಚೆ ಇದೆ." ಮೂರು ಸಾಲು. ಅವನ್ನು ಹಿಡಿದುಕೊಂಡು ಅವಳು ಜಗಳ ಮಾಡಬಹುದಿತ್ತು.

ಈಗ ನಿವೃತ್ತನಾಗಿದ್ದೇನೆ. ತಿಂಗಳ ಮೊದಲ ಭಾನುವಾರ ವಿಹಾರದಲ್ಲಿ ಕೂತು, ಯಾರು ನೀರಿನ ವರದಿ ತಂದರೂ ಓದಿ ಹೇಳುತ್ತೇನೆ. ಎಷ್ಟಿದೆ, ಎಷ್ಟಿರಬೇಕಿತ್ತು, ಯಾವ ಕಾಲಂ ನೋಡಿ ಬರೆದಿದ್ದಾರೆ, ಈ ಮೂರನ್ನೂ ಬಿಡಿಸಿ ಹೇಳುತ್ತೇನೆ. ಅರ್ಜಿ ಬರೆಯಲೂ ಕೂರುತ್ತೇನೆ. ಆ ತಾಯಿ ಮತ್ತೆ ಸಿಕ್ಕಿಲ್ಲ. ಸಿಕ್ಕರೆ ಅವಳ ಪ್ರಶ್ನೆಗೆ ಹೇಳಬೇಕಾದ ಉತ್ತರ ಈಗ ಗೊತ್ತಿದೆ: "ಅದು ನೀರಿನ ಮಿತಿ ಆಗಿರಲಿಲ್ಲ ತಾಯಿ. ನೀವು ಎಷ್ಟು ಸಹಿಸುತ್ತೀರಿ ಎಂದು ನಾವು ಹಾಕಿದ ಲೆಕ್ಕ."

*ಇಂದಿನ ಅಭ್ಯಾಸ:* ಇವತ್ತು ನೀವು ಆಡುವ ಒಂದು ನಿಜವಾದ ಮಾತನ್ನು ಹಿಡಿದು ನೋಡಿ. ಮನೆಯಲ್ಲಾಗಲಿ, ಆಫೀಸಿನಲ್ಲಾಗಲಿ. ಅದು ಯಾರ ಒಳಿತಿಗೆ? ಕೇಳಿದವರು ಏನೆಂದು ತಿಳಿದುಕೊಂಡರು? ಆಡುವ ಮೊದಲು, ಆಡುವಾಗ, ಆಡಿದ ಮೇಲೆ ನೋಡಿಕೋ ಎಂದು ಬುದ್ಧರು ರಾಹುಲನಿಗೆ ಹೇಳಿದ್ದರು. ನಾನು ನೋಡಿಕೊಂಡದ್ದು ಆಡಿದ ಎಷ್ಟೋ ವರ್ಷದ ಮೇಲೆ. ನೀವು ಅಷ್ಟು ತಡ ಮಾಡಬೇಡಿ.

ಭವತು ಸಬ್ಬ ಮಂಗಲಂ.
ಜೈ ಭೀಮ್.