ಹಾಡು ನಮ್ಮದು, ಬೀಗ ಯಾರದು?

ಆವನಿ ಬೆಟ್ಟದ ಮೇಲೆ ಸೀತಮ್ಮನ ಗುಡಿಯಿದೆ. ವಾಲ್ಮೀಕಿಯ ಆಶ್ರಮ ಇಲ್ಲೇ ಇತ್ತು, ಲವ ಕುಶರು ಹುಟ್ಟಿದ್ದು ಇಲ್ಲೇ ಎಂದು ಮುಳಬಾಗಿಲು ಸೀಮೆಯ ಜನ ನಂಬುತ್ತಾರೆ. ಗುರು ಕಟ್ಟಿದ ಕಥೆಯನ್ನು ಆ ಮಕ್ಕಳು ಬಾಯಿಪಾಠ ಮಾಡಿ ಹಾಡಿದರಂತೆ. ಕೇಳಿದವರು ಕಲಿತರು, ಕಲಿತವರು ಮತ್ತೊಬ್ಬರಿಗೆ ಹಾಡಿದರು. ಕೇಳುವ ಕಿವಿಗೆ ಯಾರೂ ಸುಂಕ ಹಾಕಲಿಲ್ಲ.

ಆ ಊರಿನ ಮೇಷ್ಟ್ರೊಬ್ಬರು ನಮ್ಮ ಹಳೆಯ ಸ್ನೇಹಿತರು. ಅವರ ತಾಯಿ ರಾಗಿ ಬೀಸುತ್ತ ಹಾಡುತ್ತಿದ್ದ ಸೀತಮ್ಮನ ಹಾಡುಗಳನ್ನು ಎಂದೋ ಕ್ಯಾಸೆಟ್ಟಿಗೆ ತುಂಬಿಸಿಟ್ಟಿದ್ದರು. ಟೇಪು ಸವೆಯತೊಡಗಿದಾಗ, 2006ರಲ್ಲಿ, ಅಂಗಡಿಯೊಂದರಲ್ಲಿ ಅದನ್ನು ಎಂಪಿ3 ಮಾಡಿಸಿ ಸಿ.ಡಿ.ಗೆ ಹಾಕಿಸಿದರು. ಮನೆಯ ಕಂಪ್ಯೂಟರಿಗೆ ಕದ್ದ ಪ್ರತಿ ಬೇಡವೆಂಬುದು ಅವರ ಹಠ. ಹಾಗಾಗಿ ಶಿಷ್ಯನೊಬ್ಬ ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶ ಹಾಕಿಕೊಟ್ಟಿದ್ದ. ಸಿ.ಡಿ. ಹಾಕಿದರೆ ಹಾಡುಗಳ ಹೆಸರು ಕಾಣಿಸಿತು, ದನಿ ಹೊರಡಲಿಲ್ಲ.

"ಏನೂ ಕೆಟ್ಟಿಲ್ಲ ಸಾರ್," ಎಂದ ಹುಡುಗ. "ಹಾಡು ಅಜ್ಜಿಯದೇ. ಆದರೆ ಅದನ್ನು ಮಡಚಿಟ್ಟಿರೋ ವಿದ್ಯೆಗೆ ಬೇರೆಯವರ ಪೇಟೆಂಟಿದೆ. ಅದಕ್ಕೇ ಬಿಚ್ಚುವ ಕೀಲಿ ಇದರಲ್ಲಿ ಸೇರಿಸಿಲ್ಲ. ಇಂಟರ್‌ನೆಟ್ಟಿಂದ ಇಳಿಸಿಕೊಂಡರೆ ಐದು ನಿಮಿಷದ ಕೆಲಸ."

ಮೇಷ್ಟ್ರು ನಮ್ಮತ್ತ ತಿರುಗಿದರು. "ಸಾಹೇಬ್ರೇ, ನಮ್ಮಮ್ಮನ ಹಾಡು ನಾನು ಕೇಳೋದೂ ಕಳ್ಳತನವೇ?"

ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಪ್ರಶ್ನೆ ನಮಗೆ ಎಂದೂ ಎದುರಾಗಿರಲೇ ಇಲ್ಲ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎಲ್ಲ ಹಾಡುಗಳೂ ನುಡಿಯುತ್ತಿದ್ದವು. ಏಕೆಂದರೆ ಅದರಲ್ಲಿದ್ದುದೇ ಕದ್ದ ಪ್ರತಿ.

ಇನ್ನೊಂದು ಪಕ್ಕದ ನ್ಯಾಯವನ್ನೂ ನೋಡಬೇಕು. ಎಂಪಿ3 ಆಕಾಶದಿಂದ ಉದುರಿದ್ದಲ್ಲ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳೂ ಇತರರೂ ವರ್ಷಗಟ್ಟಲೆ ದುಡಿದು, ಮನುಷ್ಯನ ಕಿವಿ ಗುರುತಿಸದ ಸದ್ದನ್ನು ಕಳೆದು ಹಾಡಿನ ಗಾತ್ರ ಕುಗ್ಗಿಸುವ ದಾರಿ ಕಂಡುಕೊಂಡರು. ಆ ಬೆವರಿಗೆ ಬೆಲೆ ಬೇಡವೆ? ಕಥೆ ಬರೆದು ಸಂಭಾವನೆಯ ಮನಿಯಾರ್ಡರಿಗೆ ಕಾದ ನಾವು ಬೇಡವೆನ್ನಲಾರೆವು.

ಆದರೆ ತೊಡಕಿದ್ದುದು ಬೆಲೆಯಲ್ಲಿ ಅಲ್ಲ, ಎಣಿಕೆಯಲ್ಲಿ. ಪೇಟೆಂಟಿನವರು ಪ್ರತಿಗಿಷ್ಟೆಂದು ಶುಲ್ಕ ಕೇಳುತ್ತಿದ್ದರು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಆರಂಭಿಸಿದ ಸ್ವತಂತ್ರ ತಂತ್ರಾಂಶದ ಚಳವಳಿಯ ತತ್ವ ಬೇರೆ: ನೀನು ಪಡೆದದ್ದನ್ನು ನೀನೂ ಹಂಚಬಹುದು, ನಿನ್ನಿಂದ ಪಡೆದವನೂ ಹಂಚಬಹುದು. ಶ್ರೀನಿವಾಸಪುರದ ಮಾವಿನ ತೋಪಿನವರಿಗೆ ಹೀಗೆ ಹೇಳಬಹುದು. ಒಬ್ಬ ರೈತ ಕಸಿಗಿಡಗಳನ್ನು ಬಂದವರಿಗೆಲ್ಲ ಕೊಟ್ಟು, 'ನೀವೂ ಕಸಿ ಕಟ್ಟಿ ಹಂಚಿ' ಎನ್ನುತ್ತಾನೆ. ಕಸಿಯ ವಿಧಾನ ನನ್ನದೆನ್ನುವವನು ಬಂದು, 'ನಿನ್ನ ಪಾಲು ನೀನು ಕಟ್ಟು, ನಿನ್ನಿಂದ ಪಡೆದವರು ಅವರವರ ಪಾಲು ಕಟ್ಟಲಿ' ಎಂದರೆ? ಹಣ ಕಟ್ಟಿದರೂ ಕೊಡುಗೆ ಮೊದಲ ಕೈಯಲ್ಲೇ ನಿಲ್ಲುತ್ತದೆ.

ಆದ್ದರಿಂದ ಅಮೆರಿಕದ ರೆಡ್ ಹ್ಯಾಟ್ ಕಂಪನಿ 2002ರಲ್ಲಿ ತನ್ನ ಲಿನಕ್ಸಿನ 8.0 ಆವೃತ್ತಿಯಿಂದ ಎಂಪಿ3 ನುಡಿಸುವ ಭಾಗವನ್ನೇ ತೆಗೆದುಹಾಕಿತು. ಅದರ ಆಸರೆಯ ಫೆಡೋರಾ 2016ರವರೆಗೂ ಅದನ್ನು ಸೇರಿಸಲಿಲ್ಲ. ಕದ್ದು ಕೊಡುವುದಕ್ಕಿಂತ ಮೂಕವಾಗಿರುವುದು ಲೇಸೆಂದುಕೊಂಡ ಆ ನಡತೆ ನಮಗೆ ದೊಡ್ಡದಾಗಿ ಕಾಣುತ್ತದೆ. ಹಾಗೆಂದು, ಕೊಡುವವನ ಬಾಯಿ ಕಟ್ಟುವ ನಿಯಮ ನ್ಯಾಯವಾಗುವುದಿಲ್ಲ.

ನಮ್ಮ ದೇಶದ ಕಾನೂನು ಈ ಅಪಾಯವನ್ನು ಕಂಡಿತ್ತು. ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಗಣಿತದ ವಿಧಾನವನ್ನಾಗಲಿ ಬರಿಯ ಕಂಪ್ಯೂಟರ್ ಪ್ರೋಗ್ರಾಮನ್ನಾಗಲಿ ಆವಿಷ್ಕಾರವೆಂದು ಒಪ್ಪುವುದಿಲ್ಲ. 2004ರ ಡಿಸೆಂಬರಿನ ಸುಗ್ರೀವಾಜ್ಞೆ ಅದನ್ನು ಸಡಿಲಿಸಹೊರಟಿತ್ತು. 2005ರಲ್ಲಿ ಸಂಸತ್ತು ಆ ಬದಲಾವಣೆಯನ್ನು ಕೈಬಿಟ್ಟಿತು. ಆದರೂ ಕಾನೂನು ಹಿಡಿಯಲಾರದು ಎಂಬುದೂ ಮಾಡಿದ್ದು ಸರಿ ಎಂಬುದೂ ಒಂದೇ ಅಲ್ಲ.

ಉರ್ದುವಿನಲ್ಲಿ 'ಅಮಾನತ್' ಎಂಬ ಮಾತಿದೆ. ಒಬ್ಬರು ನಂಬಿ ನಮ್ಮ ಬಳಿ ಇಟ್ಟುಹೋದ ವಸ್ತು ಎಂದರ್ಥ. ಕನ್ನಡದ ಕಚೇರಿಗಳಿಗೆ ಬಂದು ಅದು ನೌಕರನನ್ನು ಕೆಲಸದಿಂದ ತಡೆದಿಡುವ 'ಅಮಾನತು' ಆಯಿತು. ಆ ತಾಯಿಯ ಹಾಡು ಅಂದು ಎರಡೂ ಅರ್ಥದಲ್ಲಿ ಅಮಾನತಾಗಿತ್ತು. ಮಗನನ್ನು ನಂಬಿ ಬಿಟ್ಟುಹೋದದ್ದೂ ಹೌದು, ಮಗನ ಮನೆಯಲ್ಲೇ ತಡೆಹಿಡಿದದ್ದೂ ಹೌದು.

ಕೀಲಿ ಇಳಿಸಿಕೊಂಡು ತಾಯಿಯ ದನಿ ಕೇಳಿದ್ದರೆ ಮೇಷ್ಟ್ರು ಕಳ್ಳರಾಗುತ್ತಿರಲಿಲ್ಲವೆಂದೇ ಇಂದು ನಮ್ಮ ಉತ್ತರ. ಆ ಕೇಳುವಿಕೆಯಿಂದ ಜರ್ಮನಿಯ ಯಾವ ದುಡಿಮೆಗಾರನ ತಟ್ಟೆಯೂ ಬರಿದಾಗುತ್ತಿರಲಿಲ್ಲ. ಆದರೆ ಮೇಷ್ಟ್ರು ಅದಕ್ಕಿಂತ ಮೇಲಿನದನ್ನು ಮಾಡಿದರು. ಟೇಪ್ ರೆಕಾರ್ಡರನ್ನು ಕಂಪ್ಯೂಟರಿಗೆ ಜೋಡಿಸಿ, ಸವೆದ ಕ್ಯಾಸೆಟ್ಟಿನಿಂದಲೇ ಹಾಡುಗಳನ್ನು ಮತ್ತೊಮ್ಮೆ ತುಂಬಿಸಿದರು. ಈ ಸಲ ಆಗ್ ವೋರ್ಬಿಸ್ ಎಂಬ, ಯಾರ ಶುಲ್ಕದ ಹಂಗೂ ಇಲ್ಲದ ವಿಧಾನದಲ್ಲಿ. ಏಕಿಷ್ಟು ಕಷ್ಟವೆಂದರೆ, "ನನಗೆ ಕೇಳಿಸಿದರೆ ಸಾಕೇ? ನನ್ನಿಂದ ತಗೊಂಡು ಹೋದವರಿಗೂ ಕೇಳಿಸಬೇಕಲ್ಲ" ಎಂದರು.

2017ರ ಏಪ್ರಿಲಿನಲ್ಲಿ ಎಂಪಿ3 ಲೈಸೆನ್ಸಿನ ವ್ಯವಹಾರ ಮುಗಿಯಿತು. ಈಗ ಆ ಹಳೆಯ ಸಿ.ಡಿ.ಯೂ ನುಡಿಯುತ್ತದೆ. ಆದರೆ ಬೀಗಗಳು ತೀರಿಲ್ಲ. ನಮ್ಮ ಮೊಬೈಲುಗಳು ವಿಡಿಯೋ ಮಡಚಿಡುವ ಎಚ್.264, ಎಚ್.265 ವಿಧಾನಗಳ ಪೇಟೆಂಟಿನ ಅಂಜಿಕೆಯಿಂದ ಫೆಡೋರಾ 2022ರಲ್ಲಿ ಮತ್ತೆ ಕೆಲವು ಸೌಲಭ್ಯಗಳನ್ನು ತೆಗೆಯಬೇಕಾಯಿತು. ಮದುವೆ, ಮೊಮ್ಮಗುವಿನ ಮೊದಲ ಹೆಜ್ಜೆ, ಹಿರಿಯರ ಕೊನೆಯ ಮಾತು ಎಲ್ಲವನ್ನೂ ನಾವು ಯಾರದೋ ಪೆಟ್ಟಿಗೆಯಲ್ಲಿ ತುಂಬಿಡುತ್ತಿದ್ದೇವೆ. ಕೀಲಿ ಯಾರ ಕೈಯಲ್ಲಿದೆಯೆಂದು ಕೇಳುವುದಿಲ್ಲ.

ತುಂಬಿಡುವ ಮೊದಲು ಒಮ್ಮೆ ಕೇಳಿಕೊಳ್ಳೋಣ. ಅಮಾನತ್ತಿನ ವಸ್ತು ನಮ್ಮಲ್ಲಿಗೇ ನಿಲ್ಲುವಂಥದ್ದಲ್ಲ.