ಅಪ್ಪನ ಪರಿಮಾಣದ ಪುಸ್ತಕ

ಭಾದ್ರಪದದಲ್ಲಿ ಜೈನರು ಆಚರಿಸುವ ದಶಲಕ್ಷಣ ಪರ್ವದಲ್ಲಿ ಎರಡನೆಯ ದಿನ ಉತ್ತಮ ಮಾರ್ದವದ್ದು. ಆ ದಿನ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಿಂದ ಬಂದವರೇ ಅಪ್ಪ ಜೀನಸಿನ ಅಂಗಡಿಯ ಗಲ್ಲಾದ ಮುಂದೆ ಕೂತು, ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕವೊಂದನ್ನು ಬಿಚ್ಚುತ್ತಿದ್ದರು. ಅದರಲ್ಲಿ ಗಿರಾಕಿಗಳ ಹೆಸರಿಲ್ಲ, ಕಡ ಕೊಟ್ಟ ಲೆಕ್ಕವಿಲ್ಲ. ವರ್ಷಕ್ಕೆ ನಾಲ್ಕೇ ಸಾಲು: ಗದ್ದೆ ಇಷ್ಟು, ಚಿನ್ನ 12 ಪವನು, ಅಂಗಡಿಯಲ್ಲಿ ಅಕ್ಕಿ 40 ಮುಡಿ, ನಗದು ಇಷ್ಟು. ಕೆಳಗೆ ಸಹಿ. ಅವು ಇದ್ದದ್ದರ ಲೆಕ್ಕವಲ್ಲ, ಇರಬಹುದಾದದ್ದರ ಮೇರೆ. ಅದನ್ನು ಮೀರಿ ಬಂದದ್ದು ದಾನಕ್ಕೆ ಹೋಗುತ್ತಿತ್ತು.

ಗೃಹಸ್ಥರಿಗೆ ಹೇಳಿದ ಐದು ಅಣುವ್ರತಗಳಲ್ಲಿ ಕೊನೆಯದು ಈ ಪರಿಗ್ರಹ ಪರಿಮಾಣ. ಮುನಿಗಳು ಎಲ್ಲವನ್ನೂ ಬಿಟ್ಟವರು. ಸಂಸಾರಿ ಹಾಗೆ ಬಿಡಲಾರ. ಅವನು ಎಷ್ಟು ಸಾಕು ಎಂಬುದನ್ನು ಮೊದಲೇ ನಿಶ್ಚಯಿಸಿ ಅದಕ್ಕೆ ಕಟ್ಟುಬೀಳುತ್ತಾನೆ. ಚಿಕ್ಕವನಾಗಿದ್ದಾಗ ನನಗೆ ಇದು ಹಬ್ಬದ ಒಂದು ಶಾಸ್ತ್ರದಂತೆ ಕಾಣುತ್ತಿತ್ತು. ಅದರ ಬೆಲೆ ತಿಳಿದದ್ದು 2008ರಲ್ಲಿ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. 2005ರಲ್ಲಿ ಶೇರು ಕೊಳ್ಳಲು ಶುರುಮಾಡಿದೆ. ಕೊಂಡದ್ದೆಲ್ಲ ಏರಿತು. ಮಧ್ಯಾಹ್ನದ ಬಿಡುವಿನಲ್ಲಿ ಸಹೋದ್ಯೋಗಿಗಳು ಕಾಗದ ಪೆನ್ನು ಹಿಡಿದು ನನ್ನ ಬಳಿ ಬಂದು ಕೂರತೊಡಗಿದರು. ನನ್ನ ಲೆಕ್ಕ ಸರಿಯಿದೆ, ಅದಕ್ಕೇ ಹಣ ಬೆಳೆಯುತ್ತಿದೆ ಎಂದು ನಾನು ಮನಸಾರೆ ನಂಬಿದ್ದೆ. 2008ರ ಜನವರಿ ಎರಡನೆಯ ವಾರದಲ್ಲಿ ಸೆನ್ಸೆಕ್ಸ್ 21,000 ದಾಟಿದಾಗ, ಮಗಳ ಇಂಜಿನಿಯರಿಂಗ್ ಓದಿಗೆಂದು ಬ್ಯಾಂಕಿನಲ್ಲಿಟ್ಟಿದ್ದ ಎಫ್‌ಡಿ ಮುರಿಸಿ ಪೂರ್ತಿ ಶೇರಿಗೆ ಹಾಕಿದೆ. ಜನವರಿ 21ರಂದು ಸೂಚ್ಯಂಕ ಒಂದೇ ದಿನ 1,408 ಅಂಶ ಕುಸಿಯಿತು. ಅಕ್ಟೋಬರ್ ಕೊನೆಗೆ ವಹಿವಾಟಿನ ನಡುವೆ 8,000ದ ಕೆಳಗೂ ಇಳಿಯಿತು. ಅಷ್ಟರಲ್ಲಿ ಮಗಳ ಫೀಸು ಕಟ್ಟುವ ದಿನ ಬಂದು ಹೋಗಿತ್ತು. ನನ್ನ ಹೆಂಡತಿ ತನ್ನ ಎರಡು ಬಳೆಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಒಂದು ಮಾತೂ ಆಡಲಿಲ್ಲ.

ಆ ವರ್ಷ ಮಾರ್ದವದ ದಿನದ ಪ್ರವಚನ ನನಗೆಂದೇ ಹೇಳಿದಂತಿತ್ತು. ಮೃದುವಾಗಿರುವುದೇ ಮಾರ್ದವ, ಅಂದರೆ ಮದವಿಲ್ಲದ ಸ್ಥಿತಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಐಶ್ವರ್ಯದ ಮದವೂ ಇದೆ, ಆದರೆ ಮೊದಲ ಹೆಸರು ಜ್ಞಾನದ ಮದದ್ದು. ನನ್ನದು ದುರಾಸೆ ಎಂದು ನಾನು ಅದುವರೆಗೆ ಅಂದುಕೊಂಡಿದ್ದೆ. ಅದು ಜ್ಞಾನಮದ. ತರಗತಿಯಲ್ಲಿ ತಪ್ಪು ದಾರಿಯ ಲೆಕ್ಕಕ್ಕೆ ಅಂಕ ಸಿಗುವುದಿಲ್ಲ. ಏರುವ ಮಾರುಕಟ್ಟೆಯಲ್ಲಿ ತಪ್ಪು ಲೆಕ್ಕಕ್ಕೂ ಪೂರ್ತಿ ಅಂಕ ಸಿಗುತ್ತದೆ. ಮೂರು ವರ್ಷ ಹಾಗೆ ಅಂಕ ಪಡೆದವನಿಗೆ ತನ್ನ ತಪ್ಪು ಕಾಣುವುದಾದರೂ ಹೇಗೆ?

ತಪ್ಪನ್ನು ತೋರಿಸಿಕೊಟ್ಟದ್ದು ಜೈನ ದರ್ಶನದ ಸ್ಯಾದ್ವಾದ. 'ಸ್ಯಾತ್' ಎಂದರೆ ಅಳುಕಿನ 'ಇರಬಹುದೇನೋ' ಅಲ್ಲ, 'ಈ ಒಂದು ನೆಲೆಯಿಂದ ನೋಡಿದರೆ' ಎಂದರ್ಥ. ಯಾವ ಮಾತನ್ನೂ ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕು ನೆಲೆಗಳಲ್ಲಿ ನಿಲ್ಲಿಸಿ ನೋಡಬೇಕು. 'ಈ ಕಂಪನಿ ಒಳ್ಳೆಯದು' ಎಂದು ನಾನು ಹೇಳಿದ್ದು ಸುಳ್ಳಲ್ಲ. ನಾನು ಕೊಂಡಿದ್ದ ಶೇರುಗಳಲ್ಲಿ ಕೆಲವು ಆಮೇಲೆ ಚೇತರಿಸಿಕೊಂಡವು. ನಾನು ಕೇಳದೆ ಬಿಟ್ಟದ್ದು ಕಾಲದ ಪ್ರಶ್ನೆ. ಆರು ತಿಂಗಳಲ್ಲಿ ಬೇಕಾಗುವ ಹಣಕ್ಕೆ, ಆರು ವರ್ಷಕ್ಕೆ ಒಳ್ಳೆಯದಾಗುವ ಶೇರು ಒಳ್ಳೆಯದಲ್ಲ. ಒಂದು ನೆಲೆಯ ಸತ್ಯವನ್ನೇ ಪೂರ್ಣ ಸತ್ಯವೆಂದು ಹಿಡಿದುಕೊಂಡಿದ್ದೆ.

ಹಾಗಾದರೆ ಏನೂ ತಿಳಿಯದು ಎಂದು ಕೈಕಟ್ಟಿ ಕೂರಬೇಕೇ? ಅಪ್ಪ ಕೂರಲಿಲ್ಲ. ಅಕ್ಕಿಯ ಧಾರಣೆ ನಾಳೆ ಬೀಳಬಹುದು ಎಂದು ತಿಳಿದೇ ಅವರು ಜೀವನವಿಡೀ ವ್ಯಾಪಾರ ಮಾಡಿದರು. ಅಣುವ್ರತ ವ್ಯಾಪಾರ ಬಿಡು ಎನ್ನುವುದಿಲ್ಲ, ಮೇರೆ ಹಾಕಿಕೋ ಎನ್ನುತ್ತದೆ. ವಿನಯ ಎಂಬುದು ಸೋತ ದಿನ ತಾನಾಗಿ ಬರುವ ಭಾವವಾದರೆ ಅದಕ್ಕೆ ಭಯ ಎಂದೇ ಹೆಸರು; ಭಾವ ಮರುದಿನ ಬದಲಾಗುತ್ತದೆ. ಮನಸ್ಸು ಶಾಂತವಾಗಿದ್ದಾಗ ಬರೆದಿಟ್ಟ ಮೇರೆ ಬದಲಾಗುವುದಿಲ್ಲ.

ಅಪ್ಪನ ಅದೇ ಪುಸ್ತಕದ ಉಳಿದ ಹಾಳೆಗಳಲ್ಲಿ ನಾನು ಬರೆಯತೊಡಗಿದೆ. ಮೂರು ವರ್ಷದ ಮನೆಖರ್ಚು ಶೇರಿಗೆ ಹೋಗಬಾರದು. ಸಾಲ ಮಾಡಿ ಕೊಳ್ಳಬಾರದು. ಒಂದೇ ಕಂಪನಿಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಇರಬಾರದು. ಒಟ್ಟು ಮೊತ್ತ ಇಷ್ಟನ್ನು ದಾಟಿದರೆ ಮಿಕ್ಕದ್ದು ನನ್ನದಲ್ಲ.

2020ರ ಮಾರ್ಚ್ 23ರಂದು ಸೆನ್ಸೆಕ್ಸ್ 3,934 ಅಂಶ, ಅಂದರೆ ನೂರಕ್ಕೆ ಹದಿಮೂರರಷ್ಟು ಬಿದ್ದಿತು. ಆ ರಾತ್ರಿ ನಾನು ಮೊಬೈಲ್ ಬದಿಗಿಟ್ಟು ಪುಸ್ತಕ ತೆರೆದೆ. ಮೊದಲ ಸಾಲು ಓದಿದೆ. ನಿದ್ದೆ ಬಂತು.

ಅದಕ್ಕಿಂತ ಕಠಿಣ ಪರೀಕ್ಷೆ ಬಂದದ್ದು ಮುಂದಿನ ಜನವರಿಯಲ್ಲಿ, ಸೂಚ್ಯಂಕ 50,000 ಮುಟ್ಟಿದಾಗ. ಬೆಂಗಳೂರಿನಿಂದ ತಂಗಿಯ ಮಗ ಫೋನ್ ಮಾಡಿದ: "ಮಾವಾ, ನೀವು ಲೆಕ್ಕದ ಮಾಷ್ಟ್ರು. ಆಪ್ಷನ್ಸ್ ಮಾಡಿದರೆ ನಿಮ್ಮಷ್ಟು ಚೆನ್ನಾಗಿ ಯಾರಿಗೆ ಬರುತ್ತದೆ?" ಆ ಹೊಗಳಿಕೆ ನನಗೆ ಹಳೆಯ ಪರಿಚಯ. "ಲೆಕ್ಕ ಬರುತ್ತದೆ ಮಾರಾಯಾ, ನಾಳೆ ಏನಾಗುತ್ತದೆ ಎಂಬುದು ಬರುವುದಿಲ್ಲ" ಎಂದೆ. 2024ರಲ್ಲಿ ಶೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಪ್ರಕಟಿಸಿದ ಅಧ್ಯಯನ ನೋಡಿ ಅವನಿಗಾಗಿ ಮನಸ್ಸು ಮರುಗಿತು. ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್ ವಹಿವಾಟು ಮಾಡಿದ ಬಿಡಿ ಹೂಡಿಕೆದಾರರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡಿದ್ದರು. ಅವರೆಲ್ಲ ದಡ್ಡರೇನಲ್ಲ. ತಮಗೆ ತಿಳಿದಿದೆ ಎಂದುಕೊಂಡವರು.

ಮೇರೆಯನ್ನೂ ವರ್ಷವರ್ಷ ಹಿಗ್ಗಿಸುತ್ತ ಹೋದರೆ ಅದಕ್ಕೇನು ಅರ್ಥ ಎಂದು ನನ್ನನ್ನೇ ಕೇಳಿಕೊಂಡದ್ದುಂಟು. ಉತ್ತರಕ್ಕಾಗಿ ಅಪ್ಪನ ಹಾಳೆಗಳನ್ನು ಮಗುಚಿದೆ. ಅಷ್ಟು ವರ್ಷಗಳಲ್ಲಿ ಅವರು ಚಿನ್ನದ ಅಂಕಿಯನ್ನು ತಿದ್ದಿದ್ದು ಒಂದೇ ಒಂದು ಸಲ. 12 ಹೊಡೆದು 20 ಎಂದು ಬರೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಕಾರಣ ಕೊಟ್ಟಿದ್ದಾರೆ: ಮಗಳ ಮದುವೆ. ಮರುವರ್ಷದ ಹಾಳೆಯಲ್ಲಿ ಮತ್ತೆ 12.